ಇನ್ನೂರೈವತ್ತೈದು ದಾಟದ ಬಿರಿಯಾನಿ

ಅಕ್ಕನ ಮಗಳ ಮದುವೆಯಲ್ಲಿ ಒಂದು ಅಗಳು ಬಿರಿಯಾನಿಯೂ ಹಾಳಾಗಬಾರದು ಎಂದು ನಾನು ಘೋಷಿಸಿಬಿಟ್ಟೆ. ಘೋಷಿಸುವ ಅಧಿಕಾರ ನನಗಿತ್ತು! ಪುತ್ತೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವನು ನಾನು. ಹಿಂದೆ ನೆಂಟರೊಬ್ಬರ ಮದುವೆಯಲ್ಲಿ ಉಳಿದ ಬಿರಿಯಾನಿಯನ್ನು ನರಿಮೊಗರಿನ ನಮ್ಮ ಮನೆಯಲ್ಲಿ ಮೂರು ದಿನ ಬಿಸಿ ಮಾಡಿ ಮಾಡಿ ತಿಂದವನೂ ನಾನೇ.

ಯೋಜನೆ ಬಹಳ ಸರಳ. ಹಾಲ್‌ನ ಬಾಗಿಲಿಗೆ ಒಂದು ಸೆನ್ಸರ್. ಒಳಗೆ ಬಂದವರನ್ನು ಲ್ಯಾಪ್‌ಟಾಪಿನಲ್ಲಿ ಪೈಥಾನ್ ಭಾಷೆಯ ಪ್ರೋಗ್ರಾಂ ಎಣಿಸುತ್ತದೆ. ಆ ಸಂಖ್ಯೆಯನ್ನು ಸಿ ಭಾಷೆಯ ಇನ್ನೊಂದು ಪ್ರೋಗ್ರಾಂ ತೆಗೆದುಕೊಂಡು ಅಡುಗೆ ಕೋಣೆಯ ಬೋರ್ಡಿನಲ್ಲಿ ಕೆಂಪಗೆ ತೋರಿಸುತ್ತದೆ. ಮೊದಲ ಹಂಡೆ ನಮ್ಮವರಿಗೆ. ಬೋರ್ಡಿನಲ್ಲಿ ಮುನ್ನೂರು ಬಂದ ಕೂಡಲೇ, ನೆಲ್ಯಾಡಿಯಿಂದ ಬರುವ ಮದುಮಗನ ಕಡೆಯವರಿಗಾಗಿ ಎರಡನೆಯ ಹಂಡೆಗೆ ಅಕ್ಕಿ!

"ನಾನು ಹೊರಗಿನ ಚಪ್ಪಲಿ ನೋಡಿ ಅಕ್ಕಿ ಹಾಕುದು ಮಾಷ್ಟ್ರೇ," ಎಂದರು ಅಡುಗೆಯ ಮೋನಾಕ. "ಇಷ್ಟು ವರ್ಷ ಒಮ್ಮೆಯೂ ತಪ್ಪಲಿಲ್ಲ."

"ಇನ್ನು ಚಪ್ಪಲಿ ನೋಡಬೇಡಿ. ಬೋರ್ಡ್ ನೋಡಿ!"

ಮನೆಯಲ್ಲಿ ಪರೀಕ್ಷೆಯೂ ಆಗಿತ್ತು. ಹೆಂಡತಿ ಮೈಮೂನಳನ್ನು ಮುಂಬಾಗಿಲಿನಿಂದ ಮೂವತ್ತು ಸಲ ಒಳಗೆ ಬರಮಾಡಿಕೊಂಡೆ. ಪ್ರತಿ ಸಲವೂ ಅಂಕಿ ಸರಿ!

"ಸಾಕಾ? ನನ್ನದೇ ಮನೆಗೆ ಮೂವತ್ತು ಸಲ ನೆಂಟಳಾಗಿ ಬಂದೆ. ಒಂದು ಸಲವೂ ಚಾ ಕೊಡ್ಲಿಲ್ಲ ನೀವು!"

ಮದುವೆಯ ದಿನ ಅಂಕಿ ಇನ್ನೂರು ದಾಟಿದಾಗ ನನ್ನ ಎದೆ ಉಬ್ಬಿತು. ಬೋರ್ಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಆಮೇಲೆ ಅಂಗಳಕ್ಕೆ ಹೋಗಿ, ಸಿಕ್ಕಿದವರಿಗೆಲ್ಲ ನನ್ನ ಆವಿಷ್ಕಾರವನ್ನು ವಿವರಿಸತೊಡಗಿದೆ. ಸುಳ್ಯದಿಂದ ಬಂದಿದ್ದ ನೆಂಟರೊಬ್ಬರು ಎರಡನೆಯ ಸಲ ಕೇಳುತ್ತಿರುವಾಗ ಮೈಮೂನ ಓಡಿ ಬಂದಳು.

"ಇಲ್ಲಿ ಎಂತ ಮಾಡ್ತಿದ್ದೀರಿ ಮಾರಾಯ್ರೆ! ಮದುಮಗ ಊಟಕ್ಕೆ ಕೂತಾಯ್ತು. ಹಂಡೆಯ ತಳ ಕಾಣ್ತಾ ಉಂಟು!"

"ಎರಡನೆಯ ಹಂಡೆ?"

"ಅದರಲ್ಲಿ ನೀರು ಮಾತ್ರ ಉಂಟು!"

ಅಡುಗೆ ಕೋಣೆಗೆ ಹಾರಿದೆ. ಮೋನಾಕ ನೆನೆಸಿದ ಅಕ್ಕಿಯ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ಬೋರ್ಡನ್ನೇ ನೋಡುತ್ತ ಕೂತಿದ್ದರು. ಬೋರ್ಡಿನಲ್ಲಿ 144!

"ಇನ್ನೂರೈವತ್ತೈದು ಆದದ್ದೇ ಸೊನ್ನೆಗೆ ಬಂತು," ಎಂದರು ಶಾಂತವಾಗಿ. "ಹೊಸ ಪಂಕ್ತಿಗೆ ಹೊಸ ಎಣಿಕೆ ಅಂತ ಗ್ರಹಿಸಿದೆ. ಮುನ್ನೂರಕ್ಕೆ ಕಾಯ್ತಾ ಇದ್ದೇನೆ."

ಆಗ ನನಗೆ ಹೊಳೆಯಿತು. ಪೈಥಾನಿನ ಸಂಖ್ಯೆ ಎಷ್ಟು ತುಂಬಿದರೂ ಹಿಗ್ಗುವ ಚೀಲ. ಸಿ ಭಾಷೆಯ ಕಡೆ ನಾನು ಇಟ್ಟದ್ದು ಒಂದೇ ಬೈಟ್‌ನ ಪುಟ್ಟ ಪಾವು. ಅದರಲ್ಲಿ ಇನ್ನೂರೈವತ್ತೈದರ ತನಕ ಮಾತ್ರ ಜಾಗ. ಒಂದು ಹೆಚ್ಚಾದರೆ ಪುನಃ ಸೊನ್ನೆ! ತಪ್ಪಾಯಿತು ಎಂದು ಎರಡು ಭಾಷೆಗಳಲ್ಲಿ ಒಂದೂ ಬಾಯಿ ಬಿಡುವುದಿಲ್ಲ. ಬೋರ್ಡ್ ಮುನ್ನೂರು ತೋರಿಸುವುದು ಲೋಕವೇ ಮುಗಿಯುವ ಕಿಯಾಮತ್ ದಿನಕ್ಕೂ ಸಾಧ್ಯವಿರಲಿಲ್ಲ. ಸೊನ್ನೆಯಲ್ಲಿ ಕಳೆದುಹೋದ ಇನ್ನೂರೈವತ್ತಾರು, ಮೇಲೆ ನೂರನಲವತ್ತನಾಲ್ಕು: ಒಳಗಿದ್ದವರು ನಾನೂರು ಜನ! ಇದೇ ಪ್ರಶ್ನೆಯನ್ನು ಹೋದ ವಾರವಷ್ಟೇ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೊಟ್ಟು, ತಪ್ಪು ಬರೆದವರನ್ನು ನಿಲ್ಲಿಸಿ ಬೈದಿದ್ದೆ.

"ಅಕ್ಕಿ ಹಾಕಿ ಮೋನಾಕ! ಹಾಕಿ!"

ಅಕ್ಕನ ಕಣ್ಣಲ್ಲಿ ನೀರು. "ಮದುಮಗನಿಗೆ ಅನ್ನ ಇಲ್ಲ ಅಂತ ನೆಲ್ಯಾಡಿವರೆಗೆ ಹೇಳಿಕೊಂಡು ಹೋಗ್ತಾರೆ. ನನ್ನ ಮಗಳು ಆ ಮನೆಯಲ್ಲಿ ಬಾಳಬೇಕಲ್ಲ!"

ದಮ್ ಆಗುವ ತನಕ ಮದುಮಗನ ಕಡೆಯವರಿಗೆ ನಾನೇ ಶರಬತ್ತು ಹಂಚಿದೆ. ಮೂರು ಸುತ್ತು! ನಡುವೆ ಕೈಮುಗಿದು ಸತ್ಯವನ್ನೂ ಒಪ್ಪಿಕೊಂಡೆ. ಮದುಮಗನ ದೊಡ್ಡಪ್ಪ ಮೂರನೆಯ ಲೋಟ ಹಿಡಿದು ಕೇಳಿದರು:

"ನೀವು ಕಾಲೇಜಿನಲ್ಲಿ ಎಂತ ಕಲಿಸುದು ಮಾಷ್ಟ್ರೇ?"

"ಕಂಪ್ಯೂಟರ್."

"ಲೆಕ್ಕ ಅಲ್ಲವಲ್ಲ? ಹಾಗಾದರೆ ಪರವಾಗಿಲ್ಲ."

ಇಡೀ ಸಾಲು ನಕ್ಕಿತು. ಮದುಮಗನೂ ನಕ್ಕ. ಅಷ್ಟರಲ್ಲಿ ಬಿರಿಯಾನಿ ಬಂತು, ಅಕ್ಕನ ಉಸಿರೂ ಬಂತು!

ಈಗ ಅಕ್ಕನ ಎರಡನೆಯ ಮಗಳ ಮದುವೆ ನಿಶ್ಚಯವಾಗಿದೆ. ಬೋರ್ಡಿನ ಪಾವನ್ನು ನಾಲ್ಕು ಬೈಟ್‌ಗೆ ಹಿಗ್ಗಿಸಿದ್ದೇನೆ, ನಾನೂರು ಕೋಟಿ ಜನ ಬಂದರೂ ತೊಂದರೆಯಿಲ್ಲ ಎಂದು ಫೋನಿನಲ್ಲಿ ಸಂಭ್ರಮದಿಂದ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡು ನನಗೆ ಒಂದು ಕೆಲಸ ಕೊಟ್ಟಳು. ಬಾಗಿಲಿನ ಹೊರಗೆ ನಿಂತು ನೆಂಟರ ಚಪ್ಪಲಿ ಸಾಲಾಗಿ ಜೋಡಿಸಿಡುವುದು.

"ಜೋಡಿಸಿದರೆ ಸಾಕು," ಎಂದಳು. "ಎಣಿಸುದು ಮೋನಾಕ."