ರೋಗಾಣುವಿನ ಎಂಜಲು

ಎಪ್ಪತ್ತೆಂಟರ ಬೇಸಿಗೆಯಲ್ಲಿ ಮೈಸೂರಿನ ಪ್ರಯೋಗಾಲಯದ ಫ್ರಿಜ್ಜು ಕೆಟ್ಟು ಕೂತದ್ದೇ ಸೀತಾರಾಮನ ಗ್ರಹಚಾರಕ್ಕೆ ಮೂಲ. ವಾಂತಿಭೇದಿಯ ರೋಗಾಣುಗಳು ಬೆಳೆಯುವಾಗ ಹೊರಗೆ ಬಿಡುವ ಪ್ರೋಟೀನಿನ ಮೇಲೆ ಅವನ ಪಿಎಚ್.ಡಿ. ವರ್ಷಗಟ್ಟಲೆ ಹೆಣಗಿ ಒಂದು ಪುಟ್ಟ ಸೀಸೆಯಷ್ಟು ಕೂಡಿಸಿದ್ದ. ಬೆಳಗಾದರೆ ಪರೀಕ್ಷಕರ ಮುಂದೆ ಅದರ ಗುಣ ತೋರಿಸಬೇಕು. ತಂಪಿನಲ್ಲಿಡದಿದ್ದರೆ ಪ್ರೋಟೀನೂ ಹೋಯಿತು, ಪಿಎಚ್.ಡಿ.ಯೂ ಹೋಯಿತು.

ಆಗ ನೆನಪಾದದ್ದು ನಂಜನಗೂಡಿನಲ್ಲಿ ತನ್ನ ಬೀದಿಗಿದ್ದ ಒಂದೇ ಒಂದು ಫ್ರಿಜ್ಜು. ಪಕ್ಕದ ಮನೆ ಅಂಬುಜಮ್ಮನವರಿಗೆ ಬೊಂಬಾಯಿಯ ಅಳಿಯ ಕಳಿಸಿದ್ದು; ಆಕೆ ಅದಕ್ಕೆ ಕುಂಕುಮ ಹಚ್ಚಿ ಅಡುಗೆಮನೆಯಲ್ಲಿ ಪ್ರತಿಷ್ಠಾಪಿಸಿದ್ದರು. ಸೀತಾರಾಮ ಸೀಸೆಯನ್ನು ಕೆಟ್ಟ ಫ್ರಿಜ್ಜಿನಲ್ಲಿ ಉಳಿದಿದ್ದ ಚೂರು ಐಸಿನ ಜೊತೆ ಹಾಲಿನ ಕ್ಯಾನಿಗೆ ತುರುಕಿ ರೈಲು ಹತ್ತಿದ.

“ಔಷಧಿ ಅಂಬುಜಮ್ಮೋರೆ, ಬೆಳಿಗ್ಗೆವರೆಗೂ ಫ್ರಿಜ್ಜಲ್ಲಿ ಇಟ್ಟಿರಿ” ಎಂದ. ಪ್ಯಾಂಟು ಹಾಕಿದವರಿಗೆ ಆ ಅಡುಗೆಮನೆಯೊಳಗೆ ಪ್ರವೇಶವಿಲ್ಲ. ಆಕೆ ಸೀಸೆಯ ಮೇಲೆ ನೀರು ಚಿಮುಕಿಸಿ ತಾವೇ ಒಳಗೊಯ್ದರು. ಫ್ರಿಜ್ಜಿನ ಬಾಗಿಲು ಧಪ್ಪೆಂದದ್ದು ಕೇಳಿ ಅವನಿಗೆ ಹೋದ ಜೀವ ಬಂತು.

ಅವನ ಊಟ ಮುಗಿಯುವಷ್ಟರಲ್ಲಿ ಎದುರುಮನೆ ಜಲಜಮ್ಮ ಲೋಟ ಹಿಡಿದು ಹಾಜರ್.

“ಮೈಸೂರಿಂದ ಒಳ್ಳೇ ಔಷಧಿ ತಂದಿದೀಯಂತೆ. ನನ್ನ ಮಂಡಿನೋವಿಗೂ ಒಂದು ಚಮಚ ಕೊಡಿಸೋ, ಸೀತಾರಾಮ.”

“ಅಯ್ಯೋ, ಅದು ವಿಷ ಕಣ್ರೀ! ಭೇದಿ ಹುಟ್ಟಿಸೋ ಕ್ರಿಮಿಗಳು ಉಗುಳಿದ್ದು!”

ಆಕೆಯ ಬೆನ್ನಿಗೇ ಅಂಬುಜಮ್ಮ ನಿಂತಿದ್ದರು. “ಉಗುಳಿದ್ದಾ? ಅಂದ್ರೆ ಎಂಜಲು! ನನ್ನ ಮಡಿ ಉಪ್ಪಿನಕಾಯಿ ಪಕ್ಕದಲ್ಲಿ ಎಂಜಲು ಇಡಿಸಿದ್ಯೇನೋ?”

“ಕ್ರಿಮಿ ಎಲ್ಲಾ ಸೋಸಿ ತೆಗ್ದಿದೀನಿ. ಒಂದೂ ಉಳಿದಿಲ್ಲ.”

“ಉಂಡೋರು ಎದ್ದುಹೋದ್ಮೇಲೆ ಎಲೇಲಿ ಉಳಿಯುತ್ತಲ್ಲ, ಅದಕ್ಕೇ ಎಂಜಲು ಅನ್ನೋದು. ಈಗ್ಲೇ ಬಚ್ಚಲಿಗೆ ಚೆಲ್ತೀನಿ!”

ಸೀತಾರಾಮ ಕಾಲಿಗೆ ಬಿದ್ದ. ಬೀದಿಯೇ ಬಂದು ನೆರೆಯಿತು. ವಿಷ ಎಂದದ್ದು ಯಾರಿಗೂ ಕೇಳಿಸಿರಲಿಲ್ಲ, ಎಂಜಲು ಎಂದದ್ದು ಎಲ್ಲರಿಗೂ ಕೇಳಿಸಿತ್ತು. ಕೊನೆಗೆ ಪುರೋಹಿತ ಕೃಷ್ಣಮೂರ್ತಿ ಜೋಯಿಸರನ್ನು ಕರೆಸಿದರು.

“ಜೇನುತುಪ್ಪ ಜೇನುಹುಳದ ಎಂಜಲೇ. ದೇವರ ಅಭಿಷೇಕಕ್ಕೆ ಆಗಲ್ವೆ? ಹುಳದ ಎಂಜಲಿಗೆ ದೋಷವಿಲ್ಲ” ಎಂದು ಜೋಯಿಸರು ತೀರ್ಪಿತ್ತು, ಸೀತಾರಾಮನನ್ನು ಮೇಲಿಂದ ಕೆಳಗೆ ನೋಡಿದರು. “ದೋಷ ಇರೋದು ಅದನ್ನ ಮುಟ್ಟಿ ಮುಟ್ಟಿ ಓದಿದ ಇವನಿಗೆ.”

ಸೀಸೆ ಉಳಿಯಬೇಕಾದರೆ ಪ್ರಾಯಶ್ಚಿತ್ತ ಆಗಲೇಬೇಕು. ಸಂಜೆಯವರೆಗೆ ಕಪಿಲೆಯಲ್ಲಿ ಮುಳುಗಿ ಎದ್ದದ್ದೇ ಎದ್ದದ್ದು. ಹೊಸ ಜನಿವಾರ ಬಿತ್ತು. ಸಗಣಿ, ಗಂಜಲ ಸೇರಿದ ಪಂಚಗವ್ಯವನ್ನು, ಅದರಲ್ಲಿ ಯಾವ ಯಾವ ರೋಗಾಣು ಈಜುತ್ತಿವೆಯೆಂದು ಹೆಸರು ಹಿಡಿದು ಹೇಳಬಲ್ಲ ಸೀತಾರಾಮ ಕಣ್ಣು ಮುಚ್ಚಿ ಕುಡಿದ. ಪಿಎಚ್.ಡಿ.ಗಾಗಿ ಮನುಷ್ಯ ಏನೆಲ್ಲ ಮಾಡುತ್ತಾನೆ!

ಬೆಳಿಗ್ಗೆ ಮೊದಲ ರೈಲಿಗೆ ಮುಂಚೆ ಹೊಟ್ಟೆ ಹಿಡಿದುಕೊಂಡೇ ಒದ್ದೆಪಂಚೆಯಲ್ಲಿ ಹೋದ. ಅಂಬುಜಮ್ಮನ ಮುಖ ಅರಳಿತು. “ಈಗ ಶುದ್ಧವಾಗಿದೀಯ. ಒಳಗೆ ಬಂದು ನೀನೇ ತಗೋ.”

ಸೀತಾರಾಮ ಫ್ರಿಜ್ಜು ತೆರೆದ. ಹಪ್ಪಳದ ಕಟ್ಟು, ಉಪ್ಪಿನಕಾಯಿ ಭರಣಿ, ಮಡಚಿಟ್ಟ ರೇಷ್ಮೆ ಸೀರೆ. ನಡುವೆ ಅವನ ಸೀಸೆ, ಆಗತಾನೆ ಬಸಿದ ಗಂಜಿಯಷ್ಟು ಬೆಚ್ಚಗೆ.

“ಇದಕ್ಕೆ... ಕರೆಂಟು?” ಎಂದ.

“ಶಿವ ಶಿವ! ಆ ತಂತಿ ಯಾರ್ಯಾರ ಮನೆ ಹೊಕ್ಕು ಬರುತ್ತೋ. ದೀಪಕ್ಕಾದ್ರೆ ಸರಿ, ತಿನ್ನೋ ಪದಾರ್ಥಕ್ಕೆ ಮುಟ್ಟಿಸ್ತಾರೇನೋ? ತಂದ ದಿನದಿಂದ ಮಡಿಯಾಗೇ ಇಟ್ಟಿದೀನಿ. ಮತ್ತೆ ಏನಾದ್ರೂ ಇಡೋದಿದ್ರೆ ಸಂಕೋಚ ಮಾಡ್ಕೋಬೇಡ ಕಣಪ್ಪ.”