ಮೂರು ಬಣ್ಣದ ಹಮ್ಮು

ಕೆಲವರ ಹಣೆಯಲ್ಲಿ ಬ್ರಹ್ಮ ನಗು ಬರೆದಿರುವುದಿಲ್ಲ. ನಗೆಪಾಟಲನ್ನು ಮಾತ್ರ ಧಾರಾಳವಾಗಿ ಬರೆದಿರುತ್ತಾನೆ. ನಾನು ಆ ಪೈಕಿ. ಎಷ್ಟು ಗಂಭೀರವಾಗಿ ನಿಂತರೂ ಏನಾದರೊಂದು ಆಗಿಯೇ ಆಗುತ್ತಿತ್ತು.

ಅರುವತ್ತರ ದಶಕದ ಆರಂಭದಲ್ಲಿ ನಾನು ಕಡಬದ ಕಡೆ ಗ್ರಾಮಸೇವಿಕೆ. ಇದ್ದದ್ದನ್ನೆಲ್ಲ ಇಸ್ಪೀಟಿನಲ್ಲಿ ಕಳೆದ ಗಂಡ ಸತ್ತಿದ್ದ. ಮಕ್ಕಳಿರಲಿಲ್ಲ. ಅಣ್ಣನ ಮನೆಯಲ್ಲಿ ಅತ್ತಿಗೆಯ ಪಾತ್ರೆ ತಿಕ್ಕಿ ಸಾಕಾಗಿ ಈ ಕೆಲಸಕ್ಕೆ ಸೇರಿದ್ದೆ. ಕೆಲಸವೋ ತಾತ್ಕಾಲಿಕ. ಬಣ್ಣಬಣ್ಣದ ತರಕಾರಿ ತಿನ್ನುವುದನ್ನು ಹೆಂಗಸರಿಗೆ ಕಲಿಸಬೇಕು, ಮಹಿಳಾ ಮಂಡಲದವರು ಅದನ್ನು ಮಾಡಿ ತಿನ್ನುವುದನ್ನು ಪುತ್ತೂರಿನಿಂದ ಸಾಹೇಬರು ಬಂದು ನೋಡಬೇಕು, ಅವರಿಗೆ ಸರಿ ಕಂಡರೆ ಖಾಯಂ. ಸರಿ ಕಾಣದಿದ್ದರೆ ಪುನಃ ಅತ್ತಿಗೆಯ ಪಾತ್ರೆ.

ಹಮ್ಮು

ದಾರಿ ತೋರಿಸಿದವರು ನೆರೆಮನೆಯ ಬ್ಯಾರಿ ಹೆಂಗಸು. ನಾನು ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆ. ಅವರ ಗಂಡ ಹಡಗಿನ ಕೆಲಸದಲ್ಲಿ ಬಸ್ರಾದವರೆಗೆ ಹೋಗಿ ಬಂದವರು. ಅಲ್ಲಿಯವರು ಬೇಯಿಸಿದ ಕಡಲೆಗೆ ಬೆಳ್ಳುಳ್ಳಿ, ಲಿಂಬೆಹುಳಿ, ಎಳ್ಳು ಹಾಕಿ ನುಣ್ಣಗೆ ಕಡೆದು ರೊಟ್ಟಿಗೆ ಹಚ್ಚಿ ತಿನ್ನುತ್ತಾರಂತೆ. ಹೆಸರು ಹಮ್ಮುಸು.

"ಅದಕ್ಕೆ ನಿಮ್ಮ ತರಕಾರಿ ಸೇರಿಸಿ ಕಡೆಯಿರಿ. ಬಣ್ಣವೂ ಆಯ್ತು, ನಿಮ್ಮ ಸರಕಾರಕ್ಕೆ ಖುಷಿಯೂ ಆಯ್ತು" ಎಂದರು ಉಮ್ಮ.

ಮಹಿಳಾ ಮಂಡಲ ಸೇರುತ್ತಿದ್ದದ್ದು ಪಟೇಲರ ಮನೆಯ ಜಗಲಿಯಲ್ಲಿ. ಪಟೇಲರ ತಾಯಿಯೇ ಅಧ್ಯಕ್ಷೆ. ಬಾಯಲ್ಲಿ ಎಲೆಯಡಿಕೆ, ನಾಲಗೆಯಲ್ಲಿ ಕತ್ತಿ. ಅವರೆಂದರೆ ನನಗೆ ಮೊದಲೇ ಭಯ. ಆದರೂ ತಲೆಯೆತ್ತಿ, "ಇವತ್ತು ನಾವೆಲ್ಲ ಹಮ್ಮುಸು ಮಾಡುವ" ಎಂದೆ. ಹೆದರಿಕೆಯಲ್ಲಿ ಹಮ್ಮುಸಿನ ಕೊನೆಯ ಅಕ್ಷರ ಬಾಯಲ್ಲೇ ಉಳಿಯಿತು.

"ಎಂತ? ಹಮ್ಮಾ?" ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದು ನಿನ್ನಲ್ಲಿ ಬೇಕಾದಷ್ಟು ಉಂಟಲ್ಲ ಮಾರಾಯ್ತಿ. ಇನ್ನು ಕಡೆಯುದು ಯಾಕೆ?"

ಹಸಿರು

ಕಡಬದಲ್ಲಿ ಮರ್ಯಾದೆ ಹೋದ ಮೇಲೆ ರಾಮಕುಂಜದ ಕಡೆ ಪ್ರಯತ್ನ ಮಾಡಿದೆ. ಬಸಳೆ ಸೊಪ್ಪು ಬೇಯಿಸಿ ಕಡಲೆಯೊಟ್ಟಿಗೆ ಕಡೆದಾಗ ಒಳ್ಳೆಯ ಹಸಿರು ಬಂತು. ಬಾಳೆಲೆಯಲ್ಲಿ ಕಟ್ಟಿ ಒಂದು ಮನೆಯ ಸೊಸೆಯ ಕೈಯಲ್ಲಿ ಕೊಟ್ಟು, "ಅತ್ತೆಗೂ ಕೊಡು, ಮೈಗೆ ಒಳ್ಳೆಯದು" ಎಂದು ಹೇಳಿ ಬಂದೆ. ಆ ಅತ್ತೆ ಮೊಣಕಾಲು ಬಾತು ತಿಂಗಳುಗಟ್ಟಲೆ ಮೂಲೆ ಹಿಡಿದವರು.

ವಾರ ಬಿಟ್ಟು ಹೋದರೆ ಅತ್ತೆ ಅಂಗಳ ಗುಡಿಸುತ್ತಿದ್ದರು! ನನ್ನನ್ನು ಕಂಡವರೇ ಹಿಡಿಸೂಡಿ ಬಿಸಾಡಿ ಓಡಿ ಬಂದರು. "ಟೀಚರೇ, ನಿಮ್ಮ ಮದ್ದು ಭಾರೀ ಒಳ್ಳೆದು. ಹಚ್ಚಿ ಬಟ್ಟೆ ಕಟ್ಟಿದೆ ನೋಡಿ, ಬಾವು ಎಲ್ಲ ಇಳಿಯಿತು. ಇನ್ನು ಸ್ವಲ್ಪ ಉಂಟಾ?"

"ಅದು ತಿನ್ನಲಿಕ್ಕೆ ಕೊಟ್ಟದ್ದು" ಎಂದೆ.

ಅವರ ಮುಖ ಬಿಳಿಚಿತು. "ಅಯ್ಯೋ ದೇವರೇ! ಅದನ್ನು ತಿನ್ನುದಾ? ಹೊಟ್ಟೆಗೆ ಏನಾದ್ರೂ ಆದ್ರೆ?"

ದಾರಿಯುದ್ದಕ್ಕೂ ನನಗೆ ಅಳುವೇ ಬಂತು. ಅಷ್ಟು ಕಷ್ಟಪಟ್ಟು ಕಡೆದದ್ದನ್ನು ಮೆಚ್ಚಿದ್ದು ಊರಲ್ಲೆಲ್ಲ ಒಂದು ಮೊಣಕಾಲು ಮಾತ್ರ.

ಕೆಂಪು

ಬೀಟ್‌ರೂಟ್ ಹಾಕಿದ್ದನ್ನು ತಿಂದದ್ದು ಸುಳ್ಯದ ಕಡೆಯ ಒಬ್ಬ ಗೌಡರ ಅಜ್ಜ. ಒಂದು ಬಟ್ಟಲು ಪೂರ್ತಿ ತಿಂದು ತೇಗಿದರು. ನನಗೆ ಸ್ವರ್ಗ ಮೂರೇ ಗೇಣು. ಆದರೆ ಮರುದಿನ ಸುದ್ದಿ ಬಂತು: ಅಜ್ಜನಿಗೆ ಮೂತ್ರದಲ್ಲಿ ರಕ್ತ ಹೋಗ್ತಾ ಉಂಟು, ಜೀವ ಉಳಿಯುವ ಹಾಗಿಲ್ಲ.

ಸಿಕ್ಕಿದ ಬಸ್ಸು ಹತ್ತಿದೆ. ಕೆಲಸ ಹೋಗುವುದಲ್ಲದೆ ಒಂದು ಜೀವವೂ ನನ್ನ ತಲೆಗೆ ಬಂತಲ್ಲ ಎಂದು ಕಂಡ ಕಂಡ ದೇವರಿಗೆಲ್ಲ ಹರಕೆ ಹೇಳಿಕೊಂಡೆ. ಮನೆ ತುಂಬ ಜನ. ವರ್ಷಗಟ್ಟಲೆ ಮಾತು ಬಿಟ್ಟು, ಮನೆಯೊಳಗೆ ಎರಡು ಒಲೆ ಹೂಡಿದ್ದ ಅಣ್ಣತಮ್ಮಂದಿರಿಬ್ಬರೂ ಅಜ್ಜನ ಒಂದೊಂದು ಕಾಲು ಹಿಡಿದು ಅಳುತ್ತಿದ್ದರು.

"ನಾನು ಹೊರಟೆ ಮಕ್ಕಳೇ. ಇನ್ನಾದರೂ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣಿ" ಎಂದರು ಅಜ್ಜ. ಇಬ್ಬರೂ ಆಣೆ ಹಾಕಿದರು.

ನಾನು ಬಗ್ಗಿ ಅವರ ಕಿವಿಯಲ್ಲಿ ಹೇಳಿದೆ: "ಅಜ್ಜ, ಅದು ರಕ್ತ ಅಲ್ಲ. ಬೀಟ್‌ರೂಟಿನ ಬಣ್ಣ. ನಾಳೆಗೆ ಸರಿಯಾಗ್ತದೆ."

ಅಜ್ಜ ಒಂದು ಕಣ್ಣು ತೆರೆದು ಸ್ವಲ್ಪ ಯೋಚನೆ ಮಾಡಿದರು. ಆಮೇಲೆ ಪಿಸುಗುಟ್ಟಿದರು: "ಸುಮ್ಮನಿರಿ ಟೀಚರೇ. ಗದ್ದೆಯ ವಿಷಯ ಇನ್ನೂ ಮಾತಾಡ್ಲಿಕ್ಕೆ ಉಂಟು. ನಾಡಿದ್ದು ಮತ್ತೊಂದು ಬಟ್ಟಲು ತನ್ನಿ."

ಎಳ್ಳು

ಕಡೆಗೂ ಸಾಹೇಬರು ಬರುವ ದಿನ ಬಂತು. ಹೆಂಗಸರೆಲ್ಲ ಪಟೇಲರ ಜಗಲಿಯಲ್ಲಿ ಸೇರಿದ್ದರು, ಆದರೆ ನಾನು ಮಾಡಿದ್ದನ್ನು ಬಾಯಿಗಿಡಲು ಒಬ್ಬರೂ ತಯಾರಿಲ್ಲ. "ಒಂದೇ ಒಂದು ತುತ್ತು ತಿನ್ನಿ, ನನ್ನ ಅನ್ನದ ಪ್ರಶ್ನೆ" ಎಂದು ಕೈ ಮುಗಿದೆ. ಒಬ್ಬಳು ಉಪವಾಸ ಎಂದಳು, ಒಬ್ಬಳು ವಾಯು ಎಂದಳು, ಉಳಿದವರು ಹಿತ್ತಿಲು ನೋಡುತ್ತಾ ಕೂತರು.

ನೋಡಲಿಕ್ಕಾದರೂ ಚೆನ್ನಾಗಿರಲಿ ಎಂದು ಬಾಳೆಲೆ ಹಾಸಿ, ಬೀಟ್‌ರೂಟಿನ ಕೆಂಪು, ಬಸಳೆಯ ಹಸಿರು, ಸಿಹಿಗುಂಬಳದ ಹಳದಿ ಮೂರನ್ನೂ ಉಂಡೆ ಕಟ್ಟಿ ಸಾಲಾಗಿ ಇಟ್ಟೆ. ಅಷ್ಟು ದಿನ ಎಳ್ಳು ಹಾಕಿರಲಿಲ್ಲ. ಇವತ್ತು ಯಾವುದಕ್ಕೂ ಕೊರತೆ ಬೇಡ ಎಂದು ಕರಿ ಎಳ್ಳು ಧಾರಾಳವಾಗಿ ಉದುರಿಸಿದೆ. ಇರುವೆ ಬಾರದ ಹಾಗೆ ಸುತ್ತ ನೀರು ಬಿಟ್ಟೆ.

ಸಾಹೇಬರು ಜೀಪಿನಿಂದ ಇಳಿದು ಜಗಲಿಗೆ ಬಂದವರು ಎಲೆ ನೋಡಿ ಗಕ್ಕನೆ ನಿಂತರು. ಚಪ್ಪಲಿ ಕಳಚಿ ದೂರ ಇಟ್ಟು, ಸ್ವರ ತಗ್ಗಿಸಿ ಕೇಳಿದರು: "ಕ್ಷಮಿಸಿ, ಗೊತ್ತಿರಲಿಲ್ಲ. ಯಾರದ್ದು?"

ಆಗ ನಾನೂ ನೋಡಿದೆ. ಬಾಳೆಲೆ, ಮೂರು ಉಂಡೆ, ಕರಿ ಎಳ್ಳು, ಸುತ್ತ ನೀರು. ಸಾಕ್ಷಾತ್ ಪಿಂಡ! ದರ್ಭೆ ಒಂದೇ ಬಾಕಿ. ಕೆಲಸ ಹೋಯಿತು ಎಂದು ಕಣ್ಣು ಮುಚ್ಚಿದೆ.

"ಇವಳ ಗಂಡನದ್ದು ಸ್ವಾಮೀ. ಇವತ್ತು ತಿಥಿ" ಎಂಬ ಸ್ವರ ಕೇಳಿತು. ಪಟೇಲರ ತಾಯಿ.

"ಗಂಡನ ತಿಥಿಗೂ ರಜೆ ಹಾಕದೆ ಕೆಲಸಕ್ಕೆ ಬಂದಿದ್ದಾರಾ?" ಸಾಹೇಬರ ಕಣ್ಣು ಒದ್ದೆಯಾಯಿತು. "ಮತ್ತೆ, ಆ ತರಕಾರಿದ್ದು?"

"ಅದನ್ನು ಆಗಲೇ ನಾವೆಲ್ಲ ತಿಂದು ಮುಗಿಸಿದೆವು. ನೀವು ಬರುದು ತಡ ಆಯ್ತು."

ಎಲೆಯನ್ನು ಅಂಗಳದಲ್ಲಿ ಇಡಿಸಿ ಸಾಹೇಬರು ಕೈಮುಗಿದು ಕಾದರು. ಒಂದು ಕಾಗೆ ಬಂತು. ಕೆಂಪನ್ನು ಕುಕ್ಕಿ ಕೊಕ್ಕು ಕೊಡವಿತು, ಹಸಿರಿನ ಸುದ್ದಿಗೇ ಹೋಗಲಿಲ್ಲ, ಹಳದಿಯನ್ನು ತಿಂದಿತು. "ಮುಟ್ಟಿತು! ಅವರಿಗೆ ತೃಪ್ತಿಯಾಯಿತು" ಎಂದರು ಸಾಹೇಬರು. "ಇಂಥವರನ್ನು ಖಾಯಂ ಮಾಡದೆ ಇನ್ನು ಯಾರನ್ನು ಮಾಡುವುದು?"

ಜೀಪು ಹೋದ ಮೇಲೆ ನಾನು ಕಂಬಕ್ಕೆ ಒರಗಿ ಕೂತು ಅತ್ತೆ. "ಅಮ್ಮಾ, ಇವತ್ತು ಅವರ ತಿಥಿ ಅಲ್ಲ."

ಮುದುಕಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ನನಗೂ ಗೊತ್ತುಂಟು. ಇಸ್ಪೀಟು ಆಡಿಯೇ ನಿನ್ನ ಬದುಕು ಹಾಳು ಮಾಡಿದವ ಅಲ್ವಾ ಅವ? ಇದ್ದಾಗ ನಿನಗೆ ಒಂದು ಉಪಕಾರ ಮಾಡಿದವನಲ್ಲ. ಸತ್ತ ಮೇಲಾದ್ರೂ ಒಂದು ಮಾಡ್ಲಿ."