ಇಪ್ಪತ್ತೈದನೇ ಹೆಜ್ಜೆ

"ಅಪ್ಪ, ಸಾಯಂಕಾಲ ಸ್ಕೂಲಿಗೆ ನೀನು ಬರಬೇಡ. ಅಮ್ಮನ್ನ ಕಳಿಸು."

ಷೂ ಲೇಸು ಕಟ್ಟುತ್ತಲೇ ಮಗಳು ಹೀಗೆಂದಾಗ, ಟೈಲರಣ್ಣನಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು.

"ಯಾಕೆ ಪುಟ್ಟಿ?"

"ಐವತ್ತರ ವರ್ಗಮೂಲ ಎಲ್ಲಿ ಬರುತ್ತೆ ಅಂತ ಕೇಳಿದ್ದಕ್ಕೆ ಏನಂದಿದ್ದೆ?"

"ಇಪ್ಪತ್ತೈದು."

"ಟೆಸ್ಟಲ್ಲಿ ಹಾಗೇ ಬರೆದೆ. ಎಲ್ಲಾದಕ್ಕೂ ಅರ್ಧ ಅರ್ಧ ಬರೆದೆ. ಸೊನ್ನೆ ಬಂತು! ಇವತ್ತು ಅಂಗಳದಲ್ಲಿ ಸಂಖ್ಯಾರೇಖೆ ಬರೀತಾರೆ. ಅಪ್ಪ ಅಮ್ಮಂದಿರು ಚೀಟಿ ಎತ್ತಬೇಕು, ಅದರಲ್ಲಿರೋ ಸಂಖ್ಯೆಯ ವರ್ಗಮೂಲ ಎಲ್ಲಿ ಬರುತ್ತೋ ಅಲ್ಲಿ ಹೋಗಿ ನಿಲ್ಲಬೇಕು. ಎಲ್ಲರ ಮುಂದೆ!"

ತಪ್ಪು ಅವನದಲ್ಲ, ಕಸುಬಿನದು. ಬಟ್ಟೆ ಮಡಿಸಿ ಕತ್ತರಿಸುವವನಿಗೆ ಯಾವ ಅಳತೆಯಾದರೂ ಮೊದಲು ಅರ್ಧ. ಎದೆ ನಲವತ್ತು ಎಂದರೆ ಕೈ ತಾನಾಗಿಯೇ ಇಪ್ಪತ್ತಕ್ಕೆ ಗುರುತು ಹಾಕುತ್ತದೆ. ಆದರೆ ಹೆತ್ತ ಮಗಳೇ ಬರಬೇಡ ಅಂದಮೇಲೆ ಕಸುಬನ್ನು ದೂರಿ ಏನು ಬಂತು? ನಾಚಿಕೆಯಿಂದ ಅವನು ಮೀಸೆಯನ್ನೂ ಬಾಚದೆ ಅಂಗಡಿಗೆ ನಡೆದ.

ಪಕ್ಕದ ಔಷಧಿ ಅಂಗಡಿಯವರು ಡಿಗ್ರಿ ಮಾಡಿದವರು. ಅವರನ್ನು ಗುಟ್ಟಾಗಿ ಕೇಳಿದ.

"ಅಯ್ಯೋ, ಇಷ್ಟೇನಾ! ಏಳೇಳ್ಲಿ?"

"ನಲವತ್ತೊಂಬತ್ತು."

"ಎಂಟೆಂಟ್ಲಿ?"

"ಅರವತ್ತನಾಲ್ಕು."

"ಐವತ್ತು ಇವೆರಡರ ಮಧ್ಯೆ ಇದೆಯಲ್ಲ? ಹಾಗಾದ್ರೆ ಅದರ ವರ್ಗಮೂಲ ಏಳು ಎಂಟರ ಮಧ್ಯೆ. ಅದೂ ಏಳಕ್ಕೇ ಅಂಟ್ಕೊಂಡು."

ಟೈಲರಣ್ಣನ ತಲೆಯಲ್ಲಿ ದೀಪ ಹತ್ತಿತು. ಅಂಗಡಿಗೆ ಓಡಿ, ಅಳತೆ ಟೇಪಿನ ಒಂದು, ನಾಲ್ಕು, ಒಂಬತ್ತು, ಹದಿನಾರು, ಇಪ್ಪತ್ತೈದು, ಮೂವತ್ತಾರು, ನಲವತ್ತೊಂಬತ್ತರಲ್ಲಿ ಒಂದೊಂದು ಗುಂಡುಸೂಜಿ ಚುಚ್ಚಿದ. ಯಾವ ಸಂಖ್ಯೆ ಎಷ್ಟನೇ ಸೂಜಿಗೂ ಎಷ್ಟನೇ ಸೂಜಿಗೂ ಮಧ್ಯೆ ಬೀಳುತ್ತದೆ ಎಂದು ಎಣಿಸಿದರೆ ಮುಗಿಯಿತು. ಆದರೆ ಅದೇ ಟೇಪನ್ನು ಗಿರಾಕಿಯೊಬ್ಬರ ಸೊಂಟಕ್ಕೆ ಸುತ್ತಿದ್ದು ಮಾತ್ರ ಯಡವಟ್ಟಾಯಿತು. ಅವರು ಹಾಕಿದ ಕೂಗಿಗೆ ಎದುರಿನ ಕಟಿಂಗ್ ಶಾಪಿನವನು ಕತ್ತರಿ ಹಿಡಿದೇ ಓಡಿಬಂದ, ವಿಷಯ ತಿಳಿದುಕೊಂಡ. ಮಧ್ಯಾಹ್ನದೊಳಗೆ ಇಡೀ ಬೀದಿಗೆ ಗೊತ್ತಾಯಿತು.

"ಅಣ್ಣ, ಇಪ್ಪತ್ತಕ್ಕೆ?"

"ನಾಲ್ಕು ಐದರ ಮಧ್ಯೆ. ಹೋಗಯ್ಯಾ ಅತ್ಲಾಗೆ!"

ಸಾಯಂಕಾಲ ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ತಾನೇ ಹೊರಟ. ಔಷಧಿ ಅಂಗಡಿಯವರೂ ಕಟಿಂಗ್ ಶಾಪಿನವನೂ ಬೇಡವೆಂದರೂ ಹಿಂದೆಯೇ ಬಂದರು. ಅಂಗಳದಲ್ಲಿ ಸುಣ್ಣದ ಗೆರೆ, ಹೆಜ್ಜೆಗೊಂದರಂತೆ ಸೊನ್ನೆಯಿಂದ ಹತ್ತರವರೆಗೆ ಗುರುತು. ಅವನಿಗೆ ಬಂದದ್ದು ಮೂವತ್ತು. ಕೊರಳಲ್ಲಿದ್ದ ಟೇಪು ತಡವಿದ, ಬೆರಳಿಗೆ ಚುಚ್ಚಿಸಿಕೊಂಡ, ಹೋಗಿ ಐದು ಆರರ ಮಧ್ಯೆ, ಐದರ ಕಡೆಗೆ ಒಂಚೂರು ವಾಲಿ ನಿಂತ.

ಚಪ್ಪಾಳೆಯೋ ಚಪ್ಪಾಳೆ! ಕಟಿಂಗ್ ಶಾಪಿನವನು ಶಿಳ್ಳೆಯನ್ನೂ ಹಾಕಿದ. ಮಗಳು ಮಾತ್ರ ತಲೆ ತಗ್ಗಿಸಿ ಉಗುರು ಕಚ್ಚುತ್ತಿದ್ದಳು.

ಗಣಿತದ ಮೇಡಂ ಅವಳತ್ತ ತಿರುಗಿದರು. "ಏನಮ್ಮಾ, ಅಪ್ಪನಿಗೆ ಲೆಕ್ಕ ಬರಲ್ಲ, ಅರ್ಧ ಮಾಡು ಅಂತ ಅವರೇ ಹೇಳಿಕೊಟ್ರು ಅಂತ ನೀನೇ ಅಂದೆ. ಪಾಪ ಅಂತ ಇನ್ನೊಂದ್ಸಲ ಟೆಸ್ಟ್ ಬರಿ ಅಂದಿದ್ದೆ. ಇಂಥಾ ಅಪ್ಪನ ಮೇಲೆ ಸುಳ್ಳು ಹೇಳ್ತೀಯಾ? ಟೆಸ್ಟೂ ಇಲ್ಲ, ಗಿಸ್ಟೂ ಇಲ್ಲ. ಆ ಸೊನ್ನೇನೇ ಇಟ್ಕೋ."

"ಅವಳು ಹೇಳಿದ್ದು ನಿಜ ಮೇಡಂ! ನಾನು ಇದನ್ನ ಕಲಿತಿದ್ದೇ ಇವತ್ತು ಬೆಳಿಗ್ಗೆ."

"ನಾನು ವರ್ಷವೆಲ್ಲ ಹೇಳಿಕೊಟ್ರೂ ಮಕ್ಕಳಿಗೆ ಬರಲ್ಲ, ನಿಮಗೆ ಬೆಳಿಗ್ಗೆ ಬಂತಾ? ಮಗಳನ್ನ ವಹಿಸ್ಕೊಂಡು ಬರಬೇಡಿ."

ಮಗಳ ಕಣ್ಣಲ್ಲಿ ನೀರು ತುಂಬಿತ್ತು. ಟೈಲರಣ್ಣ ಚೀಟಿಗೆ ಮತ್ತೆ ಕೈ ಚಾಚಿದ.

"ಇನ್ನೊಂದು ಕೊಡಿ ಮೇಡಂ. ಟೆಸ್ಟಲ್ಲಿ ಕೇಳಿದ್ರಲ್ಲ, ಆ ಐವತ್ತನ್ನೇ ಕೊಡಿ."

ಸೊನ್ನೆಯಿಂದ ಹೊರಟ. ಏಳು ಬಂತು. ಅದರ ಪಕ್ಕದಲ್ಲೇ ತನ್ನ ಜಾಗ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಣ್ಣು ಮುಚ್ಚಿ ದಾಟಿದ. ಎಂಟು, ಒಂಬತ್ತು, ಹತ್ತು. ಗೆರೆ ಮುಗಿಯಿತು.

"ಹನ್ನೊಂದು!" ಎಂದು ಕೂಗಿ ಅವನು ನಡೆಯುತ್ತಲೇ ಹೋದ.

"ಏಳು ಎಂಟರ ಮಧ್ಯೆ ಕಣಯ್ಯಾ!" ಔಷಧಿ ಅಂಗಡಿಯವರು ತಲೆ ಚಚ್ಚಿಕೊಂಡರು. ನಲ್ಲಿ ದಾಟಿದ, ವಾಚ್‌ಮನ್ನನ್ನು ದಾಟಿದ, ಗೇಟನ್ನೂ ದಾಟಿ "ಇಪ್ಪತ್ತೈದು!" ಎಂದು ರಸ್ತೆಯಲ್ಲಿ ನಿಂತ. ಒಳಗೆ ಅಪ್ಪಂದಿರು ಅಮ್ಮಂದಿರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಅವನ ಕಿವಿಗಳು ಕಾದ ಇಸ್ತ್ರಿಪೆಟ್ಟಿಗೆಯಂತೆ ಸುಡುತ್ತಿದ್ದವು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ಪಾಪ, ನಿಜವಾಗ್ಲೂ ಏನೂ ಬರಲ್ಲ. ಆ ಮೊದಲನೇದು ಏನೋ ಕಣ್ಣು ಮುಚ್ಚಿ ಹೊಡೆದದ್ದು" ಎಂದರು ಮೇಡಂ. "ಸೋಮವಾರ ಟೆಸ್ಟ್ ಬರಿಯಮ್ಮ."

ಮಗಳು ಓಡಿಬಂದು ಅಪ್ಪನ ಕೈ ಹಿಡಿದುಕೊಂಡಳು. ಈಗಲಾದರೂ ಒಂದು ಒಳ್ಳೆಯ ಮಾತಾಡುತ್ತಾಳೆ ಎಂದು ಟೈಲರಣ್ಣ ಬಗ್ಗಿದ. ಅವಳು ಮೂಗೊರೆಸಿಕೊಂಡು ಮೆಲ್ಲಗೆ ಹೇಳಿದಳು:

"ಅಪ್ಪ, ನಾನೂ ಎಣಿಸ್ತಿದ್ದೆ. ಒಂದು ಹೆಜ್ಜೆ ಜಾಸ್ತಿ ಇಟ್ಟಿದ್ದೀಯ. ಇದು ಇಪ್ಪತ್ತಾರು."